ಸಿಸೆರೋ ಮಗ ಬರೀ ಕುಡುಕನಾಗಿದ್ದನಾ?

ಪ್ರಶ್ನೆ: ರೋಮ್‌ನ ದೊಡ್ಡ ವಾಗ್ಮಿ ಸಿಸೆರೋ ತನ್ನ ಮಗನಿಗಾಗಿ ಕರ್ತವ್ಯದ ಬಗ್ಗೆ ಒಂದು ಪುಸ್ತಕವನ್ನೇ ಬರೆದ ಅಂತ ಓದಿದೆ. ಆದರೆ ಆ ಮಗ ಕುಡುಕ, ದಡ್ಡ, ಅಪ್ಪನ ಹೆಸರು ಕೆಡಿಸಿದವನು ಅಂತ ಒಂದು ಕಡೆ ಇದೆ. ಇನ್ನೊಂದು ಕಡೆ ಅವನೂ ಕಾನ್ಸಲ್ ಆಗಿದ್ದ ಅಂತ ಇದೆ. ಯಾವುದನ್ನು ನಂಬಬೇಕು? ಇತಿಹಾಸದಲ್ಲಿ ಅವನಿಗೆ ನಿಜವಾಗಿ ಎಂಥ ಸ್ಥಾನ ಕೊಡಬಹುದು?

ಉತ್ತರ:

ಎರಡನ್ನೂ ನಂಬಬಹುದು. ಅವನು ಕುಡಿಯುತ್ತಿದ್ದ, ರೋಮ್‌ನ ಅತಿ ದೊಡ್ಡ ಪದವಿಯಾದ ಕಾನ್ಸಲ್ ಕೂಡ ಆದ. ಆದರೆ ಈ ಎರಡರ ನಡುವೆ ಒಬ್ಬ ಒಳ್ಳೆಯ ಸೈನಿಕ ಇದ್ದಾನೆ. ಅವನನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ಇಷ್ಟು ಉದ್ದ ಬರೆಯುತ್ತಿರುವುದು ಆ ಸೈನಿಕನಿಗಾಗಿ.

ಮೊದಲು ಹೆಸರಿನ ವಿಷಯ. ಅಪ್ಪ, ಮಗ ಇಬ್ಬರ ಹೆಸರೂ ಒಂದೇ, ಮಾರ್ಕಸ್ ಟುಲ್ಲಿಯಸ್ ಸಿಸೆರೋ. ಗೊಂದಲ ಬೇಡ ಅಂತ ಇಲ್ಲಿ ಅಪ್ಪನನ್ನು ಸಿಸೆರೋ ಅಂತಲೂ ಮಗನನ್ನು ಮಾರ್ಕಸ್ ಅಂತಲೂ ಕರೆಯುತ್ತೇನೆ.

ಮಾರ್ಕಸ್ ಹುಟ್ಟಿದ್ದು ಕ್ರಿ.ಪೂ. 65ರಲ್ಲಿ. ಸಿಸೆರೋ ತನ್ನ ಗೆಳೆಯ ಅಟ್ಟಿಕಸ್‌ಗೆ ಈ ಸುದ್ದಿ ತಿಳಿಸಿದ್ದು ಒಂದೇ ಸಾಲಿನಲ್ಲಿ. ಇಂಥ ಇಬ್ಬರು ಕಾನ್ಸಲ್ ಆಗಿ ಆಯ್ಕೆಯಾದರು, ನನಗೆ ಗಂಡುಮಗು ಹುಟ್ಟಿದೆ, ಹೆಂಡತಿ ಟೆರೆನ್ಷಿಯಾ ಕ್ಷೇಮ. ಅಷ್ಟೇ. ಅದಾದ ಮೇಲೆ ಕಾಗದ ನೇರವಾಗಿ ಚುನಾವಣೆ ಲೆಕ್ಕಾಚಾರಕ್ಕೆ ಹೋಗುತ್ತದೆ. ಮಗನ ಬಗ್ಗೆ ನಮಗೆ ಸಿಗುವ ಮೊದಲ ಮಾತೇ ರಾಜಕೀಯದ ಸುದ್ದಿಯ ಜೊತೆ ಬಂದಿದೆ. ಅವನ ಇಡೀ ಬದುಕು ಹಾಗೇ ಸಾಗಿತು.

ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಕಾನ್ಸಲ್. ಮಗುವಿಗೆ ಏಳು ತುಂಬುವ ಹೊತ್ತಿಗೆ ಅಪ್ಪ ಗಡಿಪಾರಾಗಿದ್ದ, ರೋಮ್‌ನಲ್ಲಿದ್ದ ಮನೆಯನ್ನು ವಿರೋಧಿಗಳು ಕೆಡವಿದ್ದರು. ಕ್ರಿ.ಪೂ. 51ರಲ್ಲಿ ಸಿಸೆರೋ ಕಿಲಿಕಿಯಾ ಪ್ರಾಂತ್ಯಕ್ಕೆ ಗವರ್ನರ್ ಆಗಿ ಹೋದ. ಈಗಿನ ಟರ್ಕಿಯ ದಕ್ಷಿಣ ಭಾಗ ಅದು. ಮಗನನ್ನೂ ತಮ್ಮನ ಮಗ ಕ್ವಿಂಟಸ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿಂದ ಬರೆದ ಒಂದು ಕಾಗದದಲ್ಲಿ ಹುಡುಗರ ಬಗ್ಗೆ ಒಂದು ಮಾತಿದೆ. ಒಬ್ಬನಿಗೆ ಕಡಿವಾಣ ಹಾಕಬೇಕು, ಇನ್ನೊಬ್ಬನನ್ನು ತಿವಿದು ಓಡಿಸಬೇಕು ಅನ್ನುತ್ತಾನೆ. ಕಡಿವಾಣ ಬೇಕಾದವನು ಕ್ವಿಂಟಸ್. ತಿವಿಯಬೇಕಾದವನು ಮಾರ್ಕಸ್. ಹುಡುಗ ನಿಧಾನಸ್ಥ, ಪುಸ್ತಕದ ಕಡೆ ಅಷ್ಟಾಗಿ ಮನಸ್ಸಿಲ್ಲ ಅನ್ನೋದು ಅಪ್ಪನಿಗೆ ಆಗಲೇ ಗೊತ್ತಾಗಿತ್ತು.

ಆದರೆ ಅದೇ ಹುಡುಗನನ್ನು ಕುದುರೆ ಮೇಲೆ ಕೂರಿಸಿ ನೋಡಿ. ಕ್ರಿ.ಪೂ. 49ರಲ್ಲಿ ರೋಮ್‌ನ ಇಬ್ಬರು ದೊಡ್ಡ ಸೇನಾಪತಿಗಳಾದ ಸೀಸರ್‌ಗೂ ಪಾಂಪೆಗೂ ಯುದ್ಧ ಶುರುವಾಯಿತು. ಆ ವರ್ಷ ಮಾರ್ಚ್‌ನಲ್ಲಿ ಸಿಸೆರೋ ತನ್ನ ಹುಟ್ಟೂರು ಅರ್ಪಿನಮ್‌ನಲ್ಲಿ ಮಗನಿಗೆ ದೊಡ್ಡವರ ಟೋಗಾ ಉಡಿಸಿದ. ರೋಮ್‌ನಲ್ಲಿ ಗಂಡುಹುಡುಗ ಪ್ರಾಯಕ್ಕೆ ಬಂದ ಅನ್ನೋದಕ್ಕೆ ಅದೇ ಗುರುತು. ಆಮೇಲೆ ಅಪ್ಪ ಮಗ ಇಬ್ಬರೂ ಗ್ರೀಸ್‌ಗೆ ಹೋಗಿ ಪಾಂಪೆಯ ಪಾಳೆಯ ಸೇರಿದರು. ಹದಿನಾರರ ಆಸುಪಾಸಿನ ಮಾರ್ಕಸ್ ಕೈಗೆ ಪಾಂಪೆ ಒಂದು ಕುದುರೆ ದಳವನ್ನು ಕೊಟ್ಟ. ಸವಾರಿ, ಈಟಿ ಎಸೆತ, ಕಷ್ಟ ತಡೆದುಕೊಳ್ಳುವ ಗಟ್ಟಿತನ, ಈ ಮೂರರಲ್ಲೂ ಅವನು ಪಾಂಪೆಯಿಂದಲೂ ಸೈನ್ಯದಿಂದಲೂ ಹೊಗಳಿಸಿಕೊಂಡ. ಇದನ್ನು ಬರೆದಿಟ್ಟವನು ಸ್ವತಃ ಸಿಸೆರೋ. ಹೆತ್ತವನ ಮಾತು, ಸ್ವಲ್ಪ ಜಾಸ್ತಿಯೇ ಹೇಳಿರಬಹುದು ಅಂತ ನಿಮಗೆ ಅನಿಸಬಹುದು. ಆದರೆ ಅದೇ ಪಾಳೆಯದಲ್ಲಿದ್ದವರು ಎಷ್ಟೋ ಜನ ಅದನ್ನು ಓದುವ ಕಾಲಕ್ಕೆ ಬದುಕಿದ್ದರು. ಸುಮ್ನೆ ಕಟ್ಟಿದ್ದರೆ ನಗೆಪಾಟಲಾಗುತ್ತಿತ್ತು.

ಕ್ರಿ.ಪೂ. 48ರಲ್ಲಿ ಫಾರ್ಸಾಲಸ್‌ನಲ್ಲಿ ಪಾಂಪೆ ಸೋತ. ಸೀಸರ್ ಸಿಸೆರೋ ಕುಟುಂಬವನ್ನು ಕ್ಷಮಿಸಿದ. ಮುಂದಿನ ಎರಡು ವರ್ಷ ಮನೆಯೊಳಗೇ ಒಂದರ ಮೇಲೊಂದು ಏಟು. ಮೂವತ್ತು ವರ್ಷಕ್ಕೂ ಮೇಲ್ಪಟ್ಟ ದಾಂಪತ್ಯ ಮುರಿದು ಅಪ್ಪ ಅಮ್ಮ ಬೇರೆಯಾದರು. ಕ್ರಿ.ಪೂ. 45ರ ಫೆಬ್ರವರಿಯಲ್ಲಿ ಅಕ್ಕ ಟುಲ್ಲಿಯಾ ಹೆರಿಗೆಯಾದ ಮೇಲೆ ತೀರಿಕೊಂಡಳು. ಸಿಸೆರೋಗೆ ಮಗಳೆಂದರೆ ಪ್ರಾಣ. ಅವನ ಆ ತಿಂಗಳುಗಳ ಕಾಗದಗಳನ್ನು ಓದಿದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಅಕ್ಕನನ್ನು ಕಳೆದುಕೊಂಡ ತಮ್ಮನ ದುಃಖದ ಬಗ್ಗೆ ಅವುಗಳಿಂದ ನಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಮಾರ್ಕಸ್‌ಗೆ ಸ್ಪೇನ್‌ಗೆ ಹೋಗಿ ಸೀಸರ್ ಸೈನ್ಯ ಸೇರುವ ಆಸೆ ಇತ್ತು. ಅಪ್ಪ ಬೇಡ ಅಂದ. ಕೆಲವೇ ವಾರಗಳಲ್ಲಿ ಹುಡುಗನನ್ನು ತತ್ವಶಾಸ್ತ್ರ ಓದಲು ಅಥೆನ್ಸ್‌ಗೆ ಕಳಿಸಿದ.

ಖರ್ಚಿಗೆ ಕೊರತೆ ಇರಲಿಲ್ಲ. ರೋಮ್‌ನ ಅವೆಂಟೈನ್ ಗುಡ್ಡದಲ್ಲೂ ಅರ್ಗಿಲೆಟಮ್ ಬೀದಿಯಲ್ಲೂ ಇದ್ದ ಕಟ್ಟಡಗಳ ಬಾಡಿಗೆ ಅವನಿಗೆ ಅಂತಲೇ ತೆಗೆದಿಟ್ಟದ್ದು. ಗುರು ಕ್ರಾಟಿಪ್ಪಸ್, ಅರಿಸ್ಟಾಟಲ್ ಪರಂಪರೆಯಲ್ಲಿ ಆ ಕಾಲದ ದೊಡ್ಡ ಹೆಸರು. ಇವೆಲ್ಲದರ ಜೊತೆ ಗೋರ್ಗಿಯಸ್ ಅನ್ನುವ ಒಬ್ಬ ಭಾಷಣಕಲೆಯ ಮೇಷ್ಟ್ರು ಕೂಡ ಸಿಕ್ಕಿದ. ಅವನು ಹುಡುಗನನ್ನು ಮೋಜಿಗೆ, ಕುಡಿತಕ್ಕೆ ಎಳೆಯುತ್ತಿದ್ದಾನೆ ಅಂತ ಸಿಸೆರೋಗೆ ದೂರು ಹೋಯಿತು. ಅವನ ಸಹವಾಸ ಬಿಡು ಅಂತ ಅಪ್ಪ ಖಡಾಖಂಡಿತವಾಗಿ ಬರೆದ. ಹಾಗಾಗಿ ಕುಡಿತದ ಮಾತು ಬರೀ ಹೊರಗಿನವರು ಕಟ್ಟಿದ್ದಲ್ಲ. ಮೊದಲು ಅದು ಅಪ್ಪನ ಕಾಗದದಲ್ಲೇ ಬಂದಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ.

ಈಗ ಒಂದು ಕಾಗದ ತೋರಿಸಬೇಕು. ಸಿಸೆರೋ ಬರೆದ ಎಂಟುನೂರಕ್ಕೂ ಹೆಚ್ಚು ಕಾಗದಗಳು ನಮಗೆ ಉಳಿದಿವೆ. ಅವನು ಮಗನಿಗೆ ಬರೆದ ಕಾಗದಗಳ ಸಂಗ್ರಹವೂ ಹಿಂದೆ ಇತ್ತು, ಅದು ಕಳೆದುಹೋಯಿತು. ಮಗ ಬರೆದದ್ದರಲ್ಲಿ ಉಳಿದದ್ದು ಎರಡೇ ಎರಡು. ಎರಡೂ ಟಿರೋಗೆ ಬರೆದವು. ಟಿರೋ ಆ ಮನೆಯಲ್ಲಿ ಗುಲಾಮನಾಗಿ ಇದ್ದು ಆಮೇಲೆ ಬಿಡುಗಡೆ ಪಡೆದವನು, ಸಿಸೆರೋನ ಬಲಗೈ. ಮಾರ್ಕಸ್‌ನನ್ನು ಚಿಕ್ಕಂದಿನಿಂದ ನೋಡಿದವನು.

ಕ್ರಿ.ಪೂ. 44ರಲ್ಲಿ ಅಥೆನ್ಸ್‌ನಿಂದ ಬರೆದ ಉದ್ದನೆಯ ಕಾಗದ ಇದು. ಟಪಾಲು ತರುವವರನ್ನು ದಿನಾ ಕಾಯುತ್ತಿದ್ದೆ, ಅವರು ರೋಮ್ ಬಿಟ್ಟ ನಲವತ್ತಾರನೇ ದಿನಕ್ಕೆ ಬಂದರು ಅಂತ ಶುರು ಮಾಡುತ್ತಾನೆ. ದಿನ ಎಣಿಸಿಕೊಂಡು ಕೂತಿದ್ದ ಅಂತಾಯ್ತು ಅಲ್ವಾ? ಆಮೇಲೆ ತಪ್ಪೊಪ್ಪಿಗೆ. ಹರೆಯದಲ್ಲಿ ಮಾಡಿದ ತಪ್ಪುಗಳಿಂದ ಎಷ್ಟು ನೊಂದಿದ್ದೇನೆ ಅಂದರೆ, ಆ ಕೆಲಸಗಳನ್ನು ಕಂಡರೆ ಮನಸ್ಸು ಹೇಸುತ್ತದೆ, ಅವುಗಳ ಮಾತು ಎತ್ತಿದರೆ ಕಿವಿಯೂ ಹೇಸುತ್ತದೆ ಅನ್ನುತ್ತಾನೆ. ಗೋರ್ಗಿಯಸ್‌ನಿಂದ ದಿನದ ಅಭ್ಯಾಸಕ್ಕೆ ಉಪಯೋಗ ಇತ್ತು, ಆದರೂ ಅಪ್ಪ ಹೇಳಿದ ಮೇಲೆ ಬೇರೆ ಮಾತಿಲ್ಲ ಅಂತ ಬಿಟ್ಟೆ ಅನ್ನುತ್ತಾನೆ. ಕ್ರಾಟಿಪ್ಪಸ್ ಜೊತೆ ಶಿಷ್ಯನ ಹಾಗಲ್ಲ, ಮಗನ ಹಾಗೆ ಇದ್ದೇನಂತೆ. ನಾವು ಊಟಕ್ಕೆ ಕೂತಾಗ ಆ ದೊಡ್ಡ ತತ್ವಜ್ಞಾನಿ ಗೊತ್ತಾಗದ ಹಾಗೆ ಒಳಗೆ ಬಂದು, ಗಾಂಭೀರ್ಯ ಬದಿಗಿಟ್ಟು, ನಮ್ಮ ಜೊತೆ ತಮಾಷೆ ಮಾಡುತ್ತಾರೆ ಅಂತ ಖುಷಿಯಿಂದ ಬರೆಯುತ್ತಾನೆ. ಬ್ರುಟ್ಟಿಯಸ್ ಅನ್ನುವ ಜೊತೆಗಾರನಿಗೆ ಪಕ್ಕದಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದುಕೊಟ್ಟಿದ್ದಾನೆ. ಬಡವ ಅವನು, ನನ್ನ ಕೈ ಬಿಗಿಯಿದ್ದರೂ ಆದಷ್ಟು ನೋಡಿಕೊಳ್ಳುತ್ತಿದ್ದೇನೆ ಅನ್ನುತ್ತಾನೆ.

ಆ ಹೊತ್ತಿಗೆ ಟಿರೋ ಒಂದು ತೋಟ ಕೊಂಡಿದ್ದ. ನನಗೆ ಈ ಕಾಗದದಲ್ಲಿ ಬಹಳ ಇಷ್ಟವಾದ ಭಾಗ ಅದರ ಬಗ್ಗೆ ಇರುವುದು. ಇನ್ನು ನೀನು ಪೇಟೆಯ ನಯ ನಾಜೂಕು ಎಲ್ಲ ಬಿಡಬೇಕು, ಹಳ್ಳಿಯ ರೋಮನ್ ಆಗಿಬಿಟ್ಟೆ ಅಂತ ಛೇಡಿಸುತ್ತಾನೆ. ನೀನು ವ್ಯವಸಾಯದ ಸಾಮಾನು ಕೊಳ್ಳುವುದು, ತೋಟದ ಮೇಸ್ತ್ರಿ ಜೊತೆ ಮಾತಾಡುವುದು, ಊಟ ಆದ ಮೇಲೆ ತಿಂದ ಹಣ್ಣಿನ ಬೀಜಗಳನ್ನು ಬಟ್ಟೆಯ ಸೆರಗಿನಲ್ಲಿ ಕಟ್ಟಿಟ್ಟುಕೊಳ್ಳುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಅನ್ನುತ್ತಾನೆ. ಕೊನೆಗೆ ಒಂದು ಕೋರಿಕೆ: ನೋಟ್ಸ್ ನಕಲು ಮಾಡೋದರಲ್ಲೇ ಹೊತ್ತು ಹೋಗುತ್ತಿದೆ, ಬೇಗ ಒಬ್ಬ ಬರಹಗಾರನನ್ನು ಕಳಿಸು, ಆದಷ್ಟು ಗ್ರೀಕನೇ ಆಗಿರಲಿ.

ಅಪ್ಪನನ್ನು ಒಲಿಸಿಕೊಳ್ಳುವ ಉಪಾಯ ಈ ಕಾಗದದಲ್ಲಿ ಇದೆ, ಅದು ಎದ್ದು ಕಾಣುತ್ತದೆ. ಟಿರೋ ಓದಿದ್ದು ಸಿಸೆರೋ ಕಿವಿಗೆ ಬೀಳುತ್ತದೆ ಅನ್ನೋದು ಹುಡುಗನಿಗೆ ಚೆನ್ನಾಗಿ ಗೊತ್ತು. ಆದರೆ ಸೆರಗಿನಲ್ಲಿ ಕಟ್ಟಿದ ಬೀಜವನ್ನು ಕಂಡ ಕಣ್ಣು ಮಂದಬುದ್ಧಿಯವನದ್ದಲ್ಲ. ಸಿಸೆರೋ ಕೂಡ ಆ ವರ್ಷ ಮಗನ ಒಂದು ಕಾಗದದ ಶೈಲಿ ನೋಡಿ ಸಂತೋಷಪಟ್ಟು ಅಟ್ಟಿಕಸ್‌ಗೆ ಬರೆದಿದ್ದಾನೆ.

ನೀವು ಓದಿದ ಪುಸ್ತಕ ಈ ಸಂದರ್ಭದ್ದು. ಕ್ರಿ.ಪೂ. 44ರ ಬೇಸಿಗೆಯಲ್ಲಿ ಸಿಸೆರೋ ಮಗನನ್ನು ನೋಡಲು ಹಡಗು ಹತ್ತಿದ್ದ. ಎದುರುಗಾಳಿ ಹಡಗನ್ನು ಇಟಲಿಯ ದಡಕ್ಕೇ ತಂದುಬಿಟ್ಟಿತು. ಅಷ್ಟರಲ್ಲಿ ರೋಮ್‌ನ ರಾಜಕೀಯ ಕರೆಯಿತು, ಅವನು ತಿರುಗಿ ಹೋದ. ಆ ಶರತ್ಕಾಲದಲ್ಲಿ, ನೇರ ಬಂದು ಹೇಳಲಾಗದ್ದನ್ನು ಮೂರು ಭಾಗಗಳ ಉದ್ದ ಕಾಗದವಾಗಿ ಬರೆದ. ಅದೇ 'ಡೆ ಒಫಿಕಿಸ್', ಅಂದರೆ 'ಕರ್ತವ್ಯಗಳ ಬಗ್ಗೆ'. 1465ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಅಚ್ಚಾಯಿತು. ಅಚ್ಚುಮೊಳೆ ಬಂದ ಮೇಲೆ ಮುದ್ರಣ ಕಂಡ ಮೊಟ್ಟಮೊದಲ ಪ್ರಾಚೀನ ಕೃತಿಗಳಲ್ಲಿ ಅದೂ ಒಂದು. ಯುರೋಪಿನ ಎಷ್ಟೋ ತಲೆಮಾರಿನ ಹುಡುಗರು 'ಮಗನೇ ಮಾರ್ಕಸ್' ಅನ್ನುವ ಕರೆಯನ್ನು ಓದಿಯೇ ಲ್ಯಾಟಿನ್ ಕಲಿತರು. ಅದರ ಕೊನೆಯಲ್ಲಿ ಸಿಸೆರೋ ಹೇಳುತ್ತಾನೆ: ನೀನು ನನಗೆ ತುಂಬಾ ಬೇಕಾದವನು, ಇಂಥ ಮಾತುಗಳಲ್ಲಿ ನಿನಗೆ ಸಂತೋಷ ಸಿಕ್ಕರೆ ಇನ್ನೂ ಹೆಚ್ಚು ಬೇಕಾದವನಾಗುತ್ತೀಯ. ಈ ಸಾಲನ್ನು ನಾನು ಯಾವತ್ತೂ ಸಲೀಸಾಗಿ ದಾಟಿ ಮುಂದೆ ಹೋದದ್ದಿಲ್ಲ. ಪ್ರೀತಿಗೂ ಒಂದು ಷರತ್ತು ಅಂಟಿಕೊಂಡಿದೆ. ಆಮೇಲೆ ಅಪ್ಪ ಮಗ ಒಬ್ಬರನ್ನೊಬ್ಬರು ನೋಡಲೇ ಇಲ್ಲ.

ಮಾರ್ಕಸ್‌ಗೆ ಆ ಪುಸ್ತಕವನ್ನು ಕೂತು ಓದುವಷ್ಟು ಪುರಸೊತ್ತೂ ಇರಲಿಲ್ಲ. ಸೀಸರ್‌ನನ್ನು ಕೊಂದ ಬ್ರೂಟಸ್ ಆ ಶರತ್ಕಾಲದಲ್ಲೇ ಅಥೆನ್ಸ್‌ಗೆ ಬಂದು, ಅಲ್ಲಿ ಓದುತ್ತಿದ್ದ ರೋಮನ್ ಹುಡುಗರನ್ನು ಸೈನ್ಯಕ್ಕೆ ಸೇರಿಸಿಕೊಳ್ಳತೊಡಗಿದ. ಮುಂದೆ ದೊಡ್ಡ ಕವಿಯಾದ ಹೊರೇಸ್ ಕೂಡ ಹಾಗೆ ಸೇರಿದವನೇ. ಇಪ್ಪತ್ತೊಂದರ ಮಾರ್ಕಸ್ ಅಲ್ಲಿ ಏನು ಮಾಡಿದ ಅನ್ನೋದು ನಿಮ್ಮ ಪ್ರಶ್ನೆಗೆ ಬಹಳ ಮುಖ್ಯ. ಬ್ರೂಟಸ್‌ನ ಎದುರಾಳಿ, ಸೀಸರ್ ಪಕ್ಷದ ನಾಯಕ ಆಂಟನಿ. ಅವನ ಕಡೆಯ ಒಂದು ಇಡೀ ಲೀಜನ್, ಅಂದರೆ ಸಾವಿರಾರು ಸೈನಿಕರ ದಳ, ಮಾರ್ಕಸ್‌ಗೆ ಶರಣಾಯಿತು. ಸಿಸೆರೋ ಇದನ್ನು ಸೆನೆಟ್‌ನಲ್ಲೇ ನಿಂತು ಹೇಳಿದ. ಆಂಟನಿಯ ತಮ್ಮ ಗಾಯಸ್‌ನನ್ನು ಮಾರ್ಕಸ್ ಈಗಿನ ಅಲ್ಬೇನಿಯಾದ ಬಿಲ್ಲಿಸ್ ಹತ್ತಿರ ಸೋಲಿಸಿದ. ಬ್ರೂಟಸ್ ಈ ಹುಡುಗನನ್ನು ಸೇನಾನಿಯಾಗಿ ಬಳಸಿಕೊಂಡು ಹಲವು ಗೆಲುವು ಪಡೆದ ಅಂತ ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ.

ಕ್ರಿ.ಪೂ. 43ರ ಏಪ್ರಿಲ್ 1ರಂದು ಬ್ರೂಟಸ್ ಸಿಸೆರೋಗೆ ಬರೆದ ಕಾಗದ ಉಳಿದಿದೆ. ನಿನ್ನ ಮಗನ ಶ್ರದ್ಧೆ, ತಾಳ್ಮೆ, ದುಡಿಮೆ, ದೊಡ್ಡ ಮನಸ್ಸು ನೋಡಿದರೆ, ತಾನು ಯಾರ ಮಗ ಅನ್ನೋದನ್ನು ಅವನು ಒಂದು ಗಳಿಗೆಯೂ ಮರೆಯುವುದಿಲ್ಲ ಅನಿಸುತ್ತದೆ ಅನ್ನುತ್ತಾನೆ. ಮುಂದೆ ಇನ್ನೊಂದು ಮಾತು ಸೇರಿಸುತ್ತಾನೆ: ಅಪ್ಪ ಪಡೆದ ಪದವಿಗಳನ್ನು ಪಡೆಯೋದಕ್ಕೆ ಅವನು ನಿನ್ನ ಕೀರ್ತಿಯನ್ನು ಬಳಸಿಕೊಳ್ಳಬೇಕಾದ ಅಗತ್ಯ ಬರುವುದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಅದೇ ವರ್ಷ ಡಿಸೆಂಬರ್ 7ರಂದು ಆಂಟನಿಯ ಆಳುಗಳು ಫೋರ್ಮಿಯೆ ಹತ್ತಿರ ಸಿಸೆರೋನನ್ನು ಕೊಂದರು. ತಲೆಯನ್ನೂ ಕೈಯನ್ನೂ ಕಡಿದು ತಂದು ರೋಮ್‌ನ ಪೇಟೆಚೌಕದ ಭಾಷಣ ವೇದಿಕೆಯ ಮೇಲೆ ಇಟ್ಟರು. ಸಿಸೆರೋ ನಿಂತು ಮಾತಾಡುತ್ತಿದ್ದ ಅದೇ ವೇದಿಕೆ. ಚಿಕ್ಕಪ್ಪ, ಚಿಕ್ಕಪ್ಪನ ಮಗ ಕ್ವಿಂಟಸ್ ಇಬ್ಬರೂ ಆ ಬೇಟೆಯಲ್ಲೇ ಸತ್ತರು. ಮಾರ್ಕಸ್ ಗ್ರೀಸ್ ಕಡೆ ಇದ್ದದ್ದರಿಂದ ಬದುಕಿಕೊಂಡ. ಮರುವರ್ಷ ಫಿಲಿಪ್ಪಿಯಲ್ಲಿ ಬ್ರೂಟಸ್ ಸೋತು ಪ್ರಾಣ ಬಿಟ್ಟ ಮೇಲೂ ಇವನು ಶರಣಾಗಲಿಲ್ಲ. ಸಿಸಿಲಿಯಲ್ಲಿ ಹೋರಾಟ ಮುಂದುವರಿಸಿದ್ದ, ಹಿಂದಿನ ಪಾಂಪೆಯ ಮಗ ಸೆಕ್ಸ್ಟಸ್ ಪಾಂಪೆ ಹತ್ತಿರ ಹೋದ. ಕ್ರಿ.ಪೂ. 39ರ ಒಪ್ಪಂದದಲ್ಲಿ ಕ್ಷಮಾದಾನ ಸಿಕ್ಕ ಮೇಲೆ ರೋಮ್‌ಗೆ ಮರಳಿದ. ಆಗ ಅವನಿಗೆ ಇಪ್ಪತ್ತಾರರ ಆಸುಪಾಸು. ಸೋಲುವ ಕಡೆಗೇ ಮೂರು ಸಲ ಹೋರಾಡಿ ಮೂರು ಸಲವೂ ಜೀವ ಉಳಿಸಿಕೊಂಡಿದ್ದ.

ಕಾನ್ಸಲ್ ಪದವಿ ಬಂದದ್ದು ಕ್ರಿ.ಪೂ. 30ರಲ್ಲಿ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆಯವರೆಗೆ, ಆರೇಳು ವಾರ ಮಾತ್ರ. ಜೊತೆಯ ಕಾನ್ಸಲ್ ಆಕ್ಟೇವಿಯನ್, ಮುಂದೆ ಅಗಸ್ಟಸ್ ಅನ್ನುವ ಹೆಸರಿನಲ್ಲಿ ರೋಮ್‌ನ ಮೊದಲ ಚಕ್ರವರ್ತಿ ಆದವನು. ಮಾರ್ಕಸ್‌ಗೆ ಆಗ ಮೂವತ್ತೈದೂ ದಾಟಿರಲಿಲ್ಲ. ಗಣರಾಜ್ಯದ ನಿಯಮದಲ್ಲಿ ನಲವತ್ತೆರಡರ ಸುಮಾರಿಗೆ ಸಿಗುವ ಪದವಿ ಅದು. ಸಿಸೆರೋಗೆ ಸಿಕ್ಕಿದ್ದೂ ಆ ವಯಸ್ಸಿನಲ್ಲೇ, ಅದೂ ಮತ ಕೇಳಿ ಗೆದ್ದು. ಮಗನ ಕಾಲಕ್ಕೆ ಅದನ್ನು ಹಂಚುವವನು ಒಬ್ಬನೇ ಆಗಿದ್ದ.

ಆಂಟನಿ ಅಲೆಕ್ಸಾಂಡ್ರಿಯಾದಲ್ಲಿ ಸತ್ತ ಸುದ್ದಿ ರೋಮ್ ತಲುಪಿದ್ದು ಸರಿಯಾಗಿ ಆ ವಾರಗಳಲ್ಲಿ. ಮಾರ್ಕಸ್ ಕಾನ್ಸಲ್ ಆಗಿದ್ದಾಗಲೇ ಆ ಸುದ್ದಿ ಬಂತು ಅಂತ ಇತಿಹಾಸಕಾರ ಡಿಯೋ ಬರೆಯುತ್ತಾನೆ. ಇನ್ನೊಬ್ಬ ಇತಿಹಾಸಕಾರ ಅಪ್ಪಿಯನ್ ಪ್ರಕಾರ ಅದು ಆಂಟನಿ ಆಕ್ಟಿಯಮ್‌ನಲ್ಲಿ ಆಕ್ಟೇವಿಯನ್‌ಗೆ ಸೋತ ಸುದ್ದಿ. ಆದರೆ ಆಕ್ಟಿಯಮ್ ಹಿಂದಿನ ವರ್ಷದ ಯುದ್ಧ, ತಾರೀಖು ನೋಡಿದರೆ ಡಿಯೋ ಮಾತೇ ಸರಿ ಹೊಂದುತ್ತದೆ. ಅಪ್ಪಿಯನ್ ಇನ್ನೊಂದು ವಿವರ ಕೊಡುತ್ತಾನೆ. ಮಾರ್ಕಸ್ ಆ ಪತ್ರವನ್ನು ಓದಿ, ಅಪ್ಪನ ತಲೆ ಇಟ್ಟಿದ್ದ ಅದೇ ವೇದಿಕೆಯ ಮೇಲೆ ಅಂಟಿಸಿದ. ಹದಿಮೂರು ವರ್ಷ ಆಗಿತ್ತು. ಆಂಟನಿಯ ಪ್ರತಿಮೆಗಳನ್ನು ಕೆಳಗಿಳಿಸಿ, ಆ ವಂಶದ ಯಾರೂ ಇನ್ನು ಮಾರ್ಕಸ್ ಅನ್ನುವ ಹೆಸರು ಇಟ್ಟುಕೊಳ್ಳಬಾರದು ಅಂತ ಸೆನೆಟ್ ನಿರ್ಣಯ ಮಾಡಿದ್ದೂ ಇವನು ಕಾನ್ಸಲ್ ಆಗಿದ್ದಾಗಲೇ.

ಇದರಲ್ಲಿ ಆಕ್ಟೇವಿಯನ್‌ನ ಲೆಕ್ಕಾಚಾರ ಇತ್ತು ಅನ್ನೋದರಲ್ಲಿ ನನಗೆ ಸಂಶಯ ಇಲ್ಲ. ಕ್ರಿ.ಪೂ. 43ರಲ್ಲಿ ಸಿಸೆರೋ ಹೆಸರು ಕೊಲೆಪಟ್ಟಿಗೆ ಸೇರಿದಾಗ ಒಪ್ಪಿಗೆ ಕೊಟ್ಟ, ಆಗ ಅಧಿಕಾರ ಹಿಡಿದಿದ್ದ ಮೂವರಲ್ಲಿ ಆಂಟನಿ ಜೊತೆ ಆಕ್ಟೇವಿಯನ್ ಕೂಡ ಒಬ್ಬ. ಮಗನಿಗೆ ಪದವಿ ಕೊಟ್ಟರೆ ಆ ರಕ್ತದ ಕಲೆಯೆಲ್ಲ ಆಂಟನಿ ಒಬ್ಬನ ತಲೆಗೆ ಹೋಗುತ್ತದೆ. ಮಾರ್ಕಸ್‌ಗೆ ಇದು ತಿಳಿಯದೆ ಇರಲು ಸಾಧ್ಯವೇ ಇಲ್ಲ. ಆದರೂ ಆ ಪತ್ರ ಅಂಟಿಸುವಾಗ ಅವನ ಎದೆಯಲ್ಲಿ ಆದದ್ದು ಬರೀ ರಾಜಕೀಯ ಆಗಿರಲಾರದು.

ಈಗ ಕುಡಿತದ ಕಥೆಗಳಿಗೆ ಬರೋಣ. ಮುಖ್ಯವಾದವು ಎರಡು.

ಒಂದು, ಭಾಷಣಕಲೆಯ ಬಗ್ಗೆ ಬರೆದ ಹಿರಿಯ ಸೆನೆಕಾ ಹೇಳಿದ್ದು. ಮಾರ್ಕಸ್ ಏಷ್ಯಾ ಪ್ರಾಂತ್ಯದ, ಅಂದರೆ ಈಗಿನ ಟರ್ಕಿಯ ಪಶ್ಚಿಮ ಭಾಗದ, ಗವರ್ನರ್ ಆಗಿದ್ದಾಗಿನದು. ಔತಣಕ್ಕೆ ಸೆಸ್ಟಿಯಸ್ ಅನ್ನುವ ಭಾಷಣಕಾರ ಬಂದಿದ್ದ. ಸಿಸೆರೋಗಿಂತ ತಾನೇ ಮೇಲು ಅಂದುಕೊಂಡವನು. ಅವನ ಹೆಸರೇನು ಅಂತ ಮಾರ್ಕಸ್ ಒಬ್ಬ ಆಳನ್ನು ಕೇಳಿದ, ಮರೆತ, ಮತ್ತೆ ಕೇಳಿದ, ಮತ್ತೆ ಮರೆತ. ಕೊನೆಗೆ ಆಳು, ಹೆಸರು ತಲೆಯಲ್ಲಿ ಉಳಿಯಲಿ ಅಂತ, ನಿಮ್ಮ ತಂದೆಗೆ ಅಕ್ಷರವೇ ಬರುತ್ತಿರಲಿಲ್ಲ ಅಂದವನು ಇವನೇ ಅಂದ. ಮಾರ್ಕಸ್ ಅಲ್ಲೇ ಚಾಟಿ ತರಿಸಿ ಅವನಿಗೆ ಹೊಡೆಸಿದ. ಅತಿಥಿಗೆ ಮನೆಯಲ್ಲಿ ಹೊಡೆಸುವುದು ದೊಡ್ಡ ತಪ್ಪು, ಅದಕ್ಕೆ ಸಮಜಾಯಿಷಿ ಇಲ್ಲ. ಆದರೆ ಅದೇ ಕಥೆಯಲ್ಲಿ ಅಪ್ಪನ ಮೇಲಿನ ಅಭಿಮಾನ ಇನ್ನೂ ಆರಿರಲಿಲ್ಲ ಅನ್ನೋದೂ ಕಾಣುತ್ತದೆ.

ಇನ್ನೊಂದು, ರೋಮನ್ ಲೇಖಕ ಪ್ಲಿನಿ ಬರೆದದ್ದು. ಮಾರ್ಕಸ್ ಒಂದೇ ಸಲಕ್ಕೆ ಎರಡು ಕಾಂಜಿಯಸ್ ವೈನ್ ಕುಡಿಯುತ್ತಿದ್ದ, ಅಮಲಿನಲ್ಲಿ ಆಕ್ಟೇವಿಯನ್‌ನ ಸೇನಾಪತಿ ಅಗ್ರಿಪ್ಪನ ಮೇಲೆ ಬಟ್ಟಲು ಎಸೆದಿದ್ದ, ಅಪ್ಪನನ್ನು ಕೊಂದ ಆಂಟನಿಯಿಂದ ಕುಡಿತದ ಕೀರ್ತಿಯನ್ನಾದರೂ ಕಿತ್ತುಕೊಳ್ಳೋಣ ಅಂದುಕೊಂಡಿದ್ದ ಅಂತ. ಎರಡು ಕಾಂಜಿಯಸ್ ಅಂದರೆ ಸುಮಾರು ಆರೂವರೆ ಲೀಟರ್. ಅಷ್ಟನ್ನು ಒಂದೇ ಸಲಕ್ಕೆ ಯಾವ ಮನುಷ್ಯನ ಹೊಟ್ಟೆಯೂ ಹಿಡಿಯುವುದಿಲ್ಲ. ಪ್ಲಿನಿಯ ಮಾತನ್ನು ಸರಿಯಾಗಿ ಓದಿದರೆ, ಇದು ಟೆರ್ಗಿಲ್ಲ ಅನ್ನುವವನು ಮಾರ್ಕಸ್ ಮುಖಕ್ಕೆ ಹೇಳಿದ ಆರೋಪ. ಎದುರಾಳಿ ಎತ್ತಿದ ಮಾತು ನೂರು ವರ್ಷದ ಹೊತ್ತಿಗೆ ಚರಿತ್ರೆಯಾಗಿ ಕೂತಿತು. ರೋಮ್‌ನಲ್ಲಿ ಒಬ್ಬನನ್ನು ಕುಡುಕ ಅನ್ನುವುದು ರಾಜಕೀಯದ ಮಾಮೂಲಿ ಬೈಗುಳ. ಆಂಟನಿ ಹಿಂದಿನ ರಾತ್ರಿ ಕುಡಿದದ್ದನ್ನು ಜನರೆದುರೇ ವಾಂತಿ ಮಾಡಿಕೊಂಡ ಅಂತ ಸವಿವರವಾಗಿ ಬರೆದವನು ಸಿಸೆರೋನೇ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಮಾರ್ಕಸ್ ಜಾಸ್ತಿ ಕುಡಿಯುತ್ತಿದ್ದ, ಅದು ವಯಸ್ಸಾದಂತೆ ಹೆಚ್ಚಿತು. ಆರೂವರೆ ಲೀಟರ್ ಅನ್ನುವುದು ಕಟ್ಟುಕಥೆ.

ಹಿರಿಯ ಸೆನೆಕಾನ ಮಗ, ತತ್ವಜ್ಞಾನಿ ಕಿರಿಯ ಸೆನೆಕಾ ಕೇಳುತ್ತಾನೆ: ಸಿಸೆರೋನ ಮಗನನ್ನು ಕಾನ್ಸಲ್ ಮಾಡಿದ್ದು ಅಪ್ಪನಲ್ಲದೆ ಇನ್ನೇನು? ಇದರ ಪಕ್ಕದಲ್ಲಿ ಬ್ರೂಟಸ್‌ನ ಆ ಮಾತನ್ನು ಇಟ್ಟು ನೋಡಿ. ಅಪ್ಪನ ಕೀರ್ತಿ ಬೇಕಾಗುವುದಿಲ್ಲ ಅಂತ ಒಬ್ಬ, ಅಪ್ಪನಲ್ಲದೆ ಇನ್ನೇನೂ ಇಲ್ಲ ಅಂತ ಇನ್ನೊಬ್ಬ. ಕಾನ್ಸಲ್ ಪದವಿಯ ಮಟ್ಟಿಗೆ ಸೆನೆಕಾ ಹೇಳಿದ್ದೇ ಸರಿ. ಆ ಹೆಸರಿಲ್ಲದಿದ್ದರೆ ಆಕ್ಟೇವಿಯನ್ ಅವನನ್ನು ಆರಿಸುತ್ತಿರಲಿಲ್ಲ. ಮನುಷ್ಯನ ಮಟ್ಟಿಗೆ ಬ್ರೂಟಸ್‌ಗೇ ನನ್ನ ಓಟು. ಅವನು ಮಾರ್ಕಸ್‌ನನ್ನು ಪಾಳೆಯದಲ್ಲಿ ಕಣ್ಣಾರೆ ಕಂಡಿದ್ದ. ಸೆನೆಕಾ ಹುಟ್ಟುವ ಹೊತ್ತಿಗೆ ಮಾರ್ಕಸ್ ಬರೀ ಊಟದ ಮನೆಯ ಕಥೆಯಾಗಿದ್ದ. ರಾಜಕಾರಣಿಯಾಗಿ ಅವನು ಎರಡನೇ ಸಾಲಿನವನು. ಅವನು ಮಾಡಿದ ಕಾನೂನು ಇಲ್ಲ, ಅವನ ಭಾಷಣ ಉಳಿದಿಲ್ಲ. ಸೇನಾನಿಯಾಗಿ ಇಪ್ಪತ್ತೆರಡರೊಳಗೆ ಅವನು ಮಾಡಿದ್ದು ಅಪ್ಪನಿಂದ ಇಡೀ ಬದುಕಿನಲ್ಲಿ ಆಗಿರಲಿಲ್ಲ. ಮಾತಿನ ತಕ್ಕಡಿಯಲ್ಲಿ ತೂಗಿದ್ದರಿಂದ ಅವನು ಹಗುರವಾಗಿ ಕಂಡ.

ಸಿರಿಯಾದಲ್ಲೂ ಅವನು ಗವರ್ನರ್ ಆಗಿದ್ದ ಅಂತ ಅಪ್ಪಿಯನ್ ಹೇಳುತ್ತಾನೆ. ಏಷ್ಯಾ ಪ್ರಾಂತ್ಯದ ಮ್ಯಾಗ್ನೀಷಿಯಾ ಊರಿನ ಒಂದು ನಾಣ್ಯದಲ್ಲಿ ಗ್ರೀಕ್ ಅಕ್ಷರದಲ್ಲಿ 'ಮಾರ್ಕಸ್ ಟುಲ್ಲಿಯಸ್ ಸಿಸೆರೋ' ಅಂತಿದೆ, ಜೊತೆಗೆ ಒಂದು ಮುಖ. ಅದು ಅಪ್ಪನ ಮುಖವೋ ಮಗನದೋ ಅಂತ ವಿದ್ವಾಂಸರು ಬಹಳ ಕಾಲದಿಂದ ಚರ್ಚೆ ಮಾಡಿದ್ದಾರೆ. ಆಮೇಲೆ ಅವನ ಸುದ್ದಿ ನಿಲ್ಲುತ್ತದೆ. ಮಕ್ಕಳ ಹೆಸರೂ ಎಲ್ಲೂ ಬರುವುದಿಲ್ಲ.

ಟಿರೋಗೆ ಬರೆದ ಇನ್ನೊಂದು ಕಾಗದದ ವಿಷಯ ಬಾಕಿ ಇತ್ತು. ಕೆಲವೇ ಸಾಲಿನದು. ಟಿರೋ ಕಾಗದ ಬರೆಯುವುದು ತಡ ಮಾಡಿ ಏನೋ ಕಾರಣ ಕೊಟ್ಟಿದ್ದ. ಮಾರ್ಕಸ್ ಬರೆಯುತ್ತಾನೆ: ಕಾರಣ ಸರಿಯಾಗಿಯೇ ಇದೆ, ಆದರೆ ಪದೇ ಪದೇ ಹೀಗೆ ಮಾಡಬೇಡ. ರಾಜ್ಯದ ಸಮಾಚಾರ ನನಗೆ ಜನರಿಂದ, ದೂತರಿಂದ ತಿಳಿಯುತ್ತದೆ. ನನ್ನ ಮೇಲಿನ ಪ್ರೀತಿಯ ಬಗ್ಗೆ ಅಪ್ಪ ಯಾವಾಗಲೂ ಬರೆಯುತ್ತಾರೆ. ಆದರೂ, ಎಷ್ಟೇ ಸಣ್ಣ ವಿಷಯ ಆಗಿರಲಿ, ನಿನ್ನಿಂದ ಕಾಗದ ಬಂದರೆ ನನಗೆ ಬಹಳ ಸಂತೋಷ.